ರಷ್ಯನ್ ಟ್ವಿಸ್ಟೋ, ಸೈಡ್ ಪ್ಲ್ಯಾಂಕೋ? ನಾನು ಮಾಡಿ ನೋಡಿದ್ದು

ಮೊದಲ ಎರಡು ತಿಂಗಳು ಪಕ್ಕೆಗಳಿಗೆ ಅಂತ ನಾನು ಮಾಡಿದ್ದು ರಷ್ಯನ್ ಟ್ವಿಸ್ಟ್ ಒಂದೇ. ನೆಲದ ಮೇಲೆ ಕೂತು, ಹಿಂದಕ್ಕೆ ವಾಲಿ, ಕಾಲು ಮೇಲೆತ್ತಿ, ಡಂಬೆಲ್ ಹಿಡಿದು ಆ ಕಡೆ ಈ ಕಡೆ ತಿರುಗುವುದು. ಒಂದು ಸೆಟ್‌ಗೆ 50. ಮುಗಿಯುವಷ್ಟರಲ್ಲಿ ಹೊಟ್ಟೆಯೆಲ್ಲ ಉರಿ. (ನಿಜವಾದ ಉರಿ, ಇನ್ನೊಬ್ಬರ ಹೊಟ್ಟೆ ನೋಡಿ ಬಂದದ್ದಲ್ಲ.) ಇಷ್ಟು ಉರಿದರೆ ಕೆಲಸ ಆಗುತ್ತಿರಲೇಬೇಕು ಅಂದುಕೊಂಡಿದ್ದೆ.

ಒಂದು ದಿನ ಸುಮ್ನೆ ಮೊಬೈಲ್ ಎದುರಿಗಿಟ್ಟು ವಿಡಿಯೋ ಮಾಡಿಕೊಂಡೆ. ನೋಡಿದರೆ ತಿರುಗುತ್ತಿದ್ದದ್ದು ಕೈ ಮಾತ್ರ! ಎದೆ ಇದ್ದಲ್ಲೇ ಇತ್ತು. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಎತ್ತಿದ ಕಾಲನ್ನು ಹಿಡಿದು ನಿಲ್ಲಿಸಲು ತೊಡೆಸಂದಿನ ಸ್ನಾಯುಗಳು ಒದ್ದಾಡುತ್ತಿದ್ದವು. ಸಂಜೆ ಸೊಂಟ ಯಾಕೆ ಹಿಡಿಯುತ್ತಿತ್ತು ಅಂತ ಆಗ ಗೊತ್ತಾಯಿತು.

ಆಮೇಲೆ ಸೈಡ್ ಪ್ಲ್ಯಾಂಕ್‌ಗೆ ಬಂದೆ. ಭುಜದ ನೇರಕ್ಕೆ ಮೊಣಕೈ ಊರಿ, ಸೊಂಟ ಎತ್ತಿ, ತಲೆಯಿಂದ ಪಾದದವರೆಗೆ ಒಂದೇ ಗೆರೆಯಲ್ಲಿ ನಿಲ್ಲಬೇಕು. ನೋಡಲು ಏನೂ ಇಲ್ಲ. ಮೊದಲ ದಿನ ಬಲಗಡೆ 22 ಸೆಕೆಂಡ್ ನಿಂತೆ, ಎಡಗಡೆ 15ಕ್ಕೇ ಕುಸಿದೆ. ಈ ವ್ಯತ್ಯಾಸ ಟ್ವಿಸ್ಟ್‌ನಲ್ಲಿ ನನಗೆ ಯಾವತ್ತೂ ಕಂಡಿರಲಿಲ್ಲ. ಅಲ್ಲಿ ಎರಡು ಪಕ್ಕಗಳೂ ಒಟ್ಟಿಗೆ ದುಡಿಯುತ್ತವೆ. ಪಕ್ಕೆಯಲ್ಲಿ ಓರೆಯಾಗಿ ಹೋಗುವ ಸ್ನಾಯುಗಳಿಗೆ ಆಬ್ಲಿಕ್ ಅಂತಾರೆ, ಹೊರಗೊಂದು ಪದರ, ಒಳಗೊಂದು. ಬಲಕ್ಕೆ ತಿರುಗಲು ಎಡಗಡೆಯ ಹೊರ ಆಬ್ಲಿಕ್ ಮತ್ತು ಬಲಗಡೆಯ ಒಳ ಆಬ್ಲಿಕ್ ಸೇರಿ ಎಳೆಯಬೇಕು. ಹೊರ ಆಬ್ಲಿಕ್‌ನ ಎಳೆಗಳು ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ಬೆರಳು ಚಾಚುವ ದಿಕ್ಕಿನಲ್ಲೇ ಓರೆಯಾಗಿ ಇಳಿಯುತ್ತವೆ. ಒಳಗಿನದು ಅದಕ್ಕೆ ಅಡ್ಡಲಾಗಿ ಹೋಗುತ್ತದೆ. ತಿರುಗಿಸುವುದಷ್ಟೇ ಇವುಗಳ ಕೆಲಸವಲ್ಲ. ಮೈ ಪಕ್ಕಕ್ಕೆ ವಾಲದಂತೆ ತಡೆಯುವುದೂ ಇವೇ. ಸೈಡ್ ಪ್ಲ್ಯಾಂಕ್ ಕೇಳುವುದು ಆ ತಡೆಯುವ ಕೆಲಸವನ್ನೇ.

ಅದಕ್ಕೂ ಒಂದು ಕೊರತೆ ಇದೆ. ಪಕ್ಕೆಗಿಂತ ಮೊದಲು ಭುಜ ಸೋಲುತ್ತದೆ. ನಾನು ಮೂರು ವಾರ ಮೊಣಕಾಲು ಮಡಚಿ ನೆಲಕ್ಕೆ ಊರಿಯೇ ಮಾಡಿದೆ. ನಾಚಿಕೆ ಏನಿಲ್ಲ.

ಬೈಸಿಕಲ್ ಕ್ರಂಚ್ ವಿಷಯ ಬೇರೆ. ಅಂಗಾತ ಮಲಗಿ, ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತಾ, ಮೊಣಕೈಯನ್ನು ಎದುರುಗಡೆಯ ಮೊಣಕಾಲಿನತ್ತ ತರುವುದು. ಬೇಗ ಬೇಗ ಮಾಡಿದರೆ ಕತ್ತು ನೋವು ಬಿಟ್ಟು ಏನೂ ಸಿಗಲಿಲ್ಲ. ಉಸಿರು ಪೂರ್ತಿ ಹೊರಗೆ ಬಿಡುತ್ತಾ, ಮೊಣಕೈಯನ್ನಲ್ಲ, ಪಕ್ಕೆಲುಬನ್ನೇ ಎದುರುಗಡೆಯ ಸೊಂಟದತ್ತ ತಂದಾಗ 10ಕ್ಕೇ ಸುಸ್ತಾದೆ. ಬರೀ ಕ್ರಂಚ್ (ಮಲಗಿ ತಲೆ, ಭುಜ ಮಾತ್ರ ಎತ್ತುವುದು) ಹೊಟ್ಟೆಯ ಮುಂಭಾಗದ ಸ್ನಾಯುವಿಗೆ ಸರಿ, ಪಕ್ಕೆಗೆ ಅಷ್ಟಕ್ಕಷ್ಟೆ.

ನನಗೆ ಆಶ್ಚರ್ಯ ತಂದದ್ದು ಸೂಟ್‌ಕೇಸ್ ಕ್ಯಾರಿ. ಒಂದೇ ಕೈಯಲ್ಲಿ ಭಾರದ ಡಂಬೆಲ್ ಹಿಡಿದು, ವಾಲದೆ ನೆಟ್ಟಗೆ ನಡೆಯುವುದು, ಅಷ್ಟೇ. ಭಾರ ಬಲಗೈಯಲ್ಲಿದ್ದರೆ ಎಡ ಪಕ್ಕೆ ಬಿಗಿಯುತ್ತದೆ. ಮಾರನೇ ದಿನ ನಕ್ಕರೂ ನೋವು! ಇದರಲ್ಲಿ ತೂಕ ಏರಿಸುತ್ತಾ ಹೋಗುವುದು ಸುಲಭ. ಪ್ಲ್ಯಾಂಕ್‌ನಲ್ಲಿ ಸೆಕೆಂಡ್ ಏರಿಸುತ್ತಾ ಹೋದರೆ ಬೇಜಾರು ಜಾಸ್ತಿ.

ಟೇಪಿನ ಲೆಕ್ಕ ಏನಾಯಿತು ಅಂತ ಕೇಳುತ್ತೀರಿ, ಅಲ್ವಾ? ಟ್ವಿಸ್ಟ್ ಮಾಡಿದ ಎರಡು ತಿಂಗಳಲ್ಲಿ ಸೊಂಟದ ಸುತ್ತಳತೆ ಕದಲಲಿಲ್ಲ. ಪ್ಲ್ಯಾಂಕ್ ಶುರು ಮಾಡಿದ ಮೇಲೂ ಕದಲಲಿಲ್ಲ. ಊಟ ಕಡಿಮೆ ಮಾಡಿದ ಮೇಲೆ ಇಳಿಯಿತು. ಅದರ ಶ್ರೇಯಸ್ಸನ್ನು ಯಾವ ವ್ಯಾಯಾಮಕ್ಕೂ ಕೊಡಲಾರೆ. ಪಕ್ಕೆಯ ಸ್ನಾಯು ದುಡಿದ ಮಾತ್ರಕ್ಕೆ ಅದರ ಮೇಲಿನ ಕೊಬ್ಬೇ ಕರಗುವುದಿಲ್ಲ. ವ್ಯಾಯಾಮದಿಂದ ಸಿಕ್ಕಿದ್ದು ಬೇರೆ: ಭಾರ ಎತ್ತುವಾಗ ಸೊಂಟ ಈಗ ಅಲುಗುವುದಿಲ್ಲ.

ಈಗ ವಾರಕ್ಕೆ ಮೂರು ದಿನ ಸೈಡ್ ಪ್ಲ್ಯಾಂಕ್, ಕ್ಯಾರಿ, ನಿಧಾನದ ಬೈಸಿಕಲ್. ರಷ್ಯನ್ ಟ್ವಿಸ್ಟ್ ಪೂರ್ತಿ ಬಿಟ್ಟಿಲ್ಲ. ಪಾದ ನೆಲಕ್ಕೆ ಊರಿ, ಡಂಬೆಲ್ ಇಲ್ಲದೆ, ಎದೆ ತಿರುಗಿಸಿ 8 ಸಲ. ಎಡ ಪಕ್ಕೆ ಇನ್ನೂ ಬಲಕ್ಕಿಂತ ನಾಲ್ಕೈದು ಸೆಕೆಂಡ್ ಹಿಂದಿದೆ. ಅದಕ್ಕೇ ಪ್ರತಿಸಲ ಎಡದಿಂದಲೇ ಶುರು ಮಾಡುತ್ತೇನೆ.