ಲ್ಯಾಪ್‌ಟಾಪ್ ಕವರ್‌ಗೆ ಮ್ಯಾಗ್ನೆಟ್ ಗುಂಡಿ ಹಾಕೋ ಮುಂಚೆ ಇದನ್ನೊಮ್ಮೆ ಓದಿ

ಚರ್ಮ ತಂದು ಕೈಯಾರೆ ಕವರು, ಪೌಚು ಹೊಲಿಯುವ ಹುಚ್ಚು ಇರುವವರಿಗೆ ಈ ಬರಹ. ನನ್ನ 4,200 ರೂಪಾಯಿ ಮತ್ತು ಮೂರು ವಾರದ ನೆಮ್ಮದಿ ಹಾಳಾಗಿದ್ದು ಎರಡು ಮ್ಯಾಗ್ನೆಟ್ ಗುಂಡಿಗಳಿಂದ. ಜೋಡಿಗೆ 15 ರೂಪಾಯಿ ಕೊಟ್ಟು ತಂದಿದ್ದೆ.

ಮನೆ ತುಮಕೂರು, ಕೆಲಸ ಬೆಂಗಳೂರು. ದಿನಾ ಬೆಳಗ್ಗೆ ರೈಲು. ಸೀಟು ಸಿಕ್ಕಿದ ದಿನ ಲ್ಯಾಪ್‌ಟಾಪ್ ತೆಗೆದು ಒಂದಿಷ್ಟು ಲೆಕ್ಕ ಬರೆಯುವ ಅಭ್ಯಾಸ. ಹಳೇ ಬ್ಯಾಗಿನ ಜಿಪ್ ಕಿತ್ತುಹೋದಾಗ, ನಾನೇ ಯಾಕೆ ಒಂದು ಚರ್ಮದ ಕವರ್ ಮಾಡಬಾರದು ಅನ್ನಿಸಿತು. ಬೆಂಗಳೂರಿನಿಂದ ಮೂರು ಚದರಡಿ ಚರ್ಮ ತಂದೆ. ತೊಗಟೆಯಲ್ಲಿ ಹದ ಮಾಡಿದ್ದು. ಕತ್ತರಿಸಿದರೆ ಒಳಗೂ ಕಂದು ಬಣ್ಣವೇ. ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಅಷ್ಟು ಜಾಗ ಕಪ್ಪಾಗುತ್ತಿತ್ತು. ಚರ್ಮದಲ್ಲಿ ಮೋಸ ಆಗಲಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಮೊದಲ ಎಡವಟ್ಟು ನನ್ನದೇ. ಲ್ಯಾಪ್‌ಟಾಪ್ ಅಗಲ 32.5 ಸೆಂಟಿಮೀಟರ್. ಹೊಲಿಗೆಗೆ ಅಂತ ಒಂದು ಸೆಂಟಿಮೀಟರ್ ಸೇರಿಸಿ 33.5ಕ್ಕೆ ಕತ್ತರಿಸಿದೆ. ಅದರ ದಪ್ಪ 1.8 ಸೆಂಟಿಮೀಟರ್ ಇದೆ ಅನ್ನೋದು ತಲೆಗೇ ಬರಲಿಲ್ಲ. ಎರಡು ಹಾಳೆ ಸೇರಿಸಿ ಹೊಲಿದಾಗ ಆ ದಪ್ಪವನ್ನೂ ಚರ್ಮವೇ ಸುತ್ತಬೇಕಲ್ವಾ? ಅಂದರೆ ಕಡಿಮೆ ಅಂದರೂ 35.3 ಬೇಕಿತ್ತು. ಒಂದು ತುಂಡು ದಂಡವಾಯಿತು, ಅಟ್ಟಕ್ಕೆ ಹೋಯಿತು. ನೀವು ಮೊದಲು ಹಳೇ ಕ್ಯಾಲೆಂಡರ್ ರಟ್ಟಿನಲ್ಲಿ ಕತ್ತರಿಸಿ ನೋಡಿ.

ಎರಡನೇ ಸಲ ಅಳತೆ ಸರಿಹೋಯಿತು. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ದಾರಕ್ಕೆ ಜೇನುಮೇಣ. ಎರಡು ಭಾನುವಾರ ಕೂತು ಹೊಲಿದೆ. ಮೇಲೆ ಮಡಚುವ ಮುಚ್ಚಳಕ್ಕೆ ಮಂಡಿಪೇಟೆಯಿಂದ ಲೇಡೀಸ್ ಪರ್ಸಿಗೆ ಹಾಕುವ ಮ್ಯಾಗ್ನೆಟ್ ಗುಂಡಿ ತಂದು ಹಾಕಿದೆ. ಟಪ್ ಅಂತ ಮುಚ್ಚಿಕೊಳ್ಳೋದು. ಆ ಸದ್ದು ಕೇಳೋದಕ್ಕೇ ಹತ್ತು ಸಲ ತೆಗೆದು ಮುಚ್ಚಿದ್ದೀನಿ.

ಮಾರನೇ ದಿನ ರೈಲಲ್ಲಿ ತೊಡೆ ಮೇಲೆ ಕವರ್ ಹಾಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಶುರುಮಾಡಿದೆ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಪರದೆ ಕಪ್ಪು. ಬಟನ್ ಒತ್ತಿದೆ, ಬಂತು. ಹಿರೇಹಳ್ಳಿ ಹತ್ತಿರ ಮತ್ತೆ ಕಪ್ಪು. ದಾಬಸ್‌ಪೇಟೆ ಬರುವ ಹೊತ್ತಿಗೆ ಬೇಜಾರಾಗಿ ಮುಚ್ಚಿಟ್ಟೆ. ವಿಚಿತ್ರ ಏನಂದ್ರೆ ಆಫೀಸಿನ ಮೇಜಿನ ಮೇಲೆ ಇಡೀ ದಿನ ಏನೂ ಆಗಲಿಲ್ಲ.

ಒಂದು ವಾರ ಹೀಗೇ ಆದ ಮೇಲೆ ಊರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅವರ ಮೇಜಿನ ಮೇಲೂ ಚೆನ್ನಾಗೇ ಓಡಿತು. ಆದರೂ "ಡಿಸ್‌ಪ್ಲೇ ಕೇಬಲ್ ಲೂಸ್ ಸಾರ್" ಅಂತ ಬದಲಿಸಿ 1,400 ತಗೊಂಡರು. ಎರಡೇ ದಿನ, ಮತ್ತೆ ಅದೇ ಕತೆ. ಆಮೇಲೆ "ಬ್ಯಾಟರಿ ವೀಕು" ಅಂತ 2,800. ಅದೂ ಪ್ರಯೋಜನ ಇಲ್ಲ. ಮೂರನೇ ಸಲ ಹೋದಾಗ ಮದರ್‌ಬೋರ್ಡ್ ಅಂದರು. ಅಲ್ಲಿಂದ ಎದ್ದು ಬಂದೆ. ಕವರ್ ವಿಷಯ ನಾನು ಹೇಳಿರಲಿಲ್ಲ, ನಿಜ. ಆದರೆ ತೊಂದರೆಯನ್ನು ಒಂದು ಸಲವೂ ಕಣ್ಣಲ್ಲಿ ನೋಡದೆ ಪಾರ್ಟ್ ಬದಲಾಯಿಸೋದು ಯಾವ ಸೀಮೆ ರಿಪೇರಿ?

ಕಂಡುಹಿಡಿದವಳು ಅಕ್ಕನ ಮಗಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತಿದ್ದಾಳೆ. ಸೋಫಾ ಮೇಲೆ ಕೂತು ನಾನು ಗೊಣಗ್ತಿದ್ದಾಗ ಬಂದು ನೋಡಿ, "ಮಾವ, ಕೆಳಗಿರೋ ಆ ಕವರ್ ತೆಗೀರಿ ಸ್ವಲ್ಪ" ಅಂದಳು. ತೆಗೆದೆ. ಪರದೆ ಆರಲಿಲ್ಲ. ಇಟ್ಟೆ. ಸ್ವಲ್ಪ ಸರಿಸಿದ ಕೂಡಲೇ ಆರಿತು.

ವಿಷಯ ಇಷ್ಟೇ. ಮುಚ್ಚಳ ಹಾಕಿದಾಗ ಲ್ಯಾಪ್‌ಟಾಪ್ ತಾನಾಗೇ ನಿದ್ದೆಗೆ ಹೋಗುತ್ತಲ್ಲ, ಅದಕ್ಕೆ ಎಷ್ಟೋ ಮಾಡೆಲ್‌ಗಳಲ್ಲಿ ಪರದೆಯ ಅಂಚಲ್ಲಿ ಒಂದು ಪುಟ್ಟ ಮ್ಯಾಗ್ನೆಟ್, ಕೀಬೋರ್ಡ್ ಇರುವ ಭಾಗದಲ್ಲಿ ಮ್ಯಾಗ್ನೆಟ್ ಹತ್ತಿರ ಬಂದರೆ ಪತ್ತೆಹಚ್ಚುವ ಒಂದು ಹಾಲ್ ಸೆನ್ಸರ್ ಇರುತ್ತೆ. (ಹಾಲು ಅಲ್ಲ, 1879ರಲ್ಲಿ ಈ ಗುಣ ಕಂಡುಹಿಡಿದ ಎಡ್ವಿನ್ ಹಾಲ್ ಹೆಸರು.) ಮ್ಯಾಗ್ನೆಟ್ ಹತ್ತಿರ ಬಂತು ಅಂದರೆ ಮುಚ್ಚಳ ಬಿತ್ತು ಅಂತ ಅದರ ಲೆಕ್ಕ. ಮ್ಯಾಗ್ನೆಟ್ ಮೇಲಿಂದ ಬಂತೋ ನನ್ನ ಕವರ್‌ನಿಂದ ಬಂತೋ ಅದಕ್ಕೇನು ಗೊತ್ತು? ರೈಲು ಅಲ್ಲಾಡಿದಂತೆಲ್ಲ ಗುಂಡಿ ಸರಿಯಾಗಿ ಸೆನ್ಸರ್ ಕೆಳಗೆ ಬರ್ತಿತ್ತು. ಮುಚ್ಚುವ ಕವರ್ ಇರುವ ಎಷ್ಟೋ ಟ್ಯಾಬ್ಲೆಟ್‌ಗಳದ್ದೂ ಇದೇ ಉಪಾಯ, ಹಾಗಾಗಿ ಅದಕ್ಕೆ ಕವರ್ ಹೊಲಿಯುವವರೂ ಹುಷಾರು.

ಹೊಲಿಯುವ ಮುಂಚೆಯೇ ಒಂದು ಸಣ್ಣ ಮ್ಯಾಗ್ನೆಟ್ ಹಿಡಿದು, ಲ್ಯಾಪ್‌ಟಾಪ್ ಆನ್ ಇರುವಾಗ ಕೈ ಊರುವ ಜಾಗದ ಅಂಚಿನುದ್ದಕ್ಕೂ, ಅಡಿಭಾಗದಲ್ಲೂ ನಿಧಾನವಾಗಿ ಸರಿಸಿ. ಎಲ್ಲಿ ಪರದೆ ಆರುತ್ತೋ ಅಲ್ಲಿದೆ ಸೆನ್ಸರ್. ಹೊಲಿದಾಗಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ನೋಡಿ, ಕಂಪ್ಯೂಟರಿನಲ್ಲಿ ಯಾವಾಗ ಏನಾಯ್ತು ಅಂತ ಬರೆದಿಡುವ ಪಟ್ಟಿ ಅದು. ನನ್ನದರಲ್ಲಿ ನಿದ್ದೆಗೆ ಹೋದ ಕಾರಣ "ಬಟನ್ ಅಥವಾ ಲಿಡ್" (ಲಿಡ್ ಅಂದರೆ ಮುಚ್ಚಳ) ಅಂತ ಸಾಲುಸಾಲಾಗಿ ಬರೆದಿತ್ತು. ಮೊದಲೇ ನೋಡಿದ್ದರೆ 4,200 ಉಳೀತಿತ್ತು.

ಸೆಟ್ಟಿಂಗ್‌ನಲ್ಲಿ ಮುಚ್ಚಳ ಮುಚ್ಚಿದರೂ ನಿದ್ದೆಗೆ ಹೋಗಬೇಡ ಅಂತ ಬದಲಿಸಬಹುದು, ನಾನೂ ಮಾಡಿದ್ದೆ. ಒಂದು ಸಂಜೆ ಆಫ್ ಮಾಡೋದು ಮರೆತು ಹಾಗೇ ಕವರ್‌ಗೆ ಹಾಕಿದೆ. ಮನೆಗೆ ಬಂದು ತೆಗೆದರೆ ತಟ್ಟೆ ಇಡ್ಲಿ ಥರ ಬಿಸಿ. ಆ ದಾರಿ ಬೇಡ.

ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಯಜಮಾನರಿಗೆ ತೋರಿಸಿದೆ. "ಇದಕ್ಯಾಕ್ ಸಾ ಮ್ಯಾಗ್ನೆಟ್ಟು? ಒಂದು ಪಟ್ಟಿ ಅಡ್ಡ ಹೊಲ್ದು ಮುಚ್ಚಳದ ತುದಿ ಒಳಕ್ಕೆ ಸಿಗ್ಸಿ" ಅಂದರು. ಹಾಗೇ ಮಾಡಿದೆ. ಗುಂಡಿ ಕಿತ್ತ ಕಡೆ ತೂತು ಉಳಿದಿದ್ದವು. ಅಟ್ಟಕ್ಕೆ ಎಸೆದಿದ್ದ ಆ ಗಿಡ್ಡ ತುಂಡು ಇಳಿಸಿ ಅದರಿಂದಲೇ ತೇಪೆ ಹಾಕಿದೆ.