ಮಾಡೆಲ್ ಕಟ್ಟುವ ಕೋಣೆಗೆ 'ಫುಲ್ ಸೆಟಪ್' ಮಾಡಿಸುವವರೇ, ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲೇ ಸ್ಕೇಲ್ ಮಾಡೆಲ್ (ವಿಮಾನ, ಕಾರಿನಂಥವುಗಳ ಅಳತೆಗೆ ತಕ್ಕ ಪುಟ್ಟ ಪ್ರತಿರೂಪ) ಕಟ್ಟೋಕೆ ಒಂದು ಕೋಣೆ ರೆಡಿ ಮಾಡಿಸಬೇಕು ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಟೇಬಲ್, ಲೈಟು, ಸ್ಪ್ರೇ ಬೂತ್ (ಬಣ್ಣದ ಹೊಗೆ ಎಳೆದು ಹೊರಗೆ ಬಿಡುವ ಡಬ್ಬ), ಕಂಪ್ರೆಸರ್ (ಬಣ್ಣ ಊದೋಕೆ ಗಾಳಿ ಒತ್ತಿ ಕೊಡುವ ಯಂತ್ರ) ಎಲ್ಲಾ ಸೇರಿಸಿ ಒಂದೇ ರೇಟಿಗೆ ಮಾಡಿಕೊಡುತ್ತೇವೆ ಅನ್ನುವವರು ಇದ್ದಾರೆ. ಅಂಥ ಒಬ್ಬ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಮಾಡಿಟ್ಟು ಹೋದ ಕೆಲಸ ಎಂಥದ್ದು ಅಂತ ಹೇಳುತ್ತೇನೆ. ಆತನ ಹೆಸರು ಹಾಕುವುದಿಲ್ಲ. ಹೆಸರು ಬದಲಾಗುತ್ತದೆ, ಕೆಲಸದ ರೀತಿ ಬದಲಾಗುವುದಿಲ್ಲ. ಅದನ್ನು ಗುರುತು ಹಿಡಿದರೆ ಸಾಕು.

ನನಗೆ ಬೇಕಿದ್ದದ್ದನ್ನು ಮೊದಲೇ ಬರೆದು ಕೊಟ್ಟಿದ್ದೆ. ಏರ್‌ಬ್ರಷ್ಷಿನಲ್ಲಿ, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಲ್ಲಿ, ಲ್ಯಾಕರ್ ಪೇಂಟ್ (ಥಿನ್ನರ್ ಅನ್ನುವ ದ್ರಾವಕದಲ್ಲಿ ಕಲಸುವ ಬಣ್ಣ) ಹೊಡೆಯುತ್ತೇನೆ, ಹೊಗೆ ಪೂರಾ ಮನೆಯ ಹೊರಗೆ ಹೋಗಬೇಕು. ಮಳೆಗಾಲದಲ್ಲಿ ಹಿಂದಿನ ಗೋಡೆ ನೆನೆಯುತ್ತದೆ, ಟೇಬಲ್ ಅದಕ್ಕೆ ತಡೆಯಬೇಕು. ಆತ ಎಲ್ಲಾ ಡೈರಿಯಲ್ಲಿ ಬರೆದುಕೊಂಡ. "ಟೆನ್ಶನ್ ತಗೋಬ್ಯಾಡ್ರಿ ಮೇಡಂ, ಎಲ್ಲಾ ನನ್ ಕಡೆ ಬಿಡ್ರಿ" ಅಂದ. ಆಮೇಲೆ ಅಳತೆಯ ಮಾತೆಲ್ಲಾ ನಮ್ಮ ಯಜಮಾನರ ಹತ್ತಿರ! ಅವರಿಗೆ ಏರ್‌ಬ್ರಷ್‌ಗೂ ಟೂತ್‌ಬ್ರಷ್‌ಗೂ ಇರುವ ವ್ಯತ್ಯಾಸ ಈಚೆಗಷ್ಟೇ ಗೊತ್ತಾಗಿದೆ. ಇರಲಿ. ನಲವತ್ತು ಸಾವಿರದ ಆಸುಪಾಸು ಮಾತಾಯಿತು, ಮುಕ್ಕಾಲು ಪಾಲು ಅಡ್ವಾನ್ಸ್ ತಗೊಂಡ.

ಟೇಬಲ್ ವಿಷಯ ಬೇಗ ಮುಗಿಸುತ್ತೇನೆ. "ಪೂರಾ ವಾಟರ್‌ಪ್ರೂಫ್ ಪ್ಲೈ" ಅಂದಿದ್ದ. ನೀರಿಗೆ ತಡೆಯುವ ಮರೀನ್ ಪ್ಲೈ ಹಾಳೆಯ ಮೇಲೆ ಐಎಸ್ 710 ಅನ್ನುವ ಮುದ್ರೆ ಇರುತ್ತದೆ. ನಮ್ಮ ಮನೆಗೆ ಹಾಳೆ ಬರಲೇ ಇಲ್ಲ, ಎರಡೂ ಕಡೆ ಸನ್‌ಮೈಕಾ ಅಂಟಿಸಿದ ರೆಡಿ ಟೇಬಲ್ ಬಂತು. ಜುಲೈ ಮಳೆ ಹಿಡಿದದ್ದೇ ತಡ, ಗೋಡೆ ಕಡೆಯ ಕಾಲು ಉಬ್ಬಿತು, ಅಂಚಿನ ಪಟ್ಟಿ ಎದ್ದಿತು, ಡ್ರಾಯರ್ ಎಳೆದರೆ ಬರುತ್ತಿರಲಿಲ್ಲ. ಅನಗೋಳದ ಬಡಿಗರೊಬ್ಬರನ್ನು ಕರೆಸಿದೆ. ಎದ್ದ ಪಟ್ಟಿಯ ಸಂದಿಯಲ್ಲಿ ಉಗುರು ಹಾಕಿ ಒಂದು ಪದರು ಕಿತ್ತು ತೋರಿಸಿದರು. "ಇದು ಕಮರ್ಷಿಯಲ್ ಪ್ಲೈ ರೀ ಅಕ್ಕಾ. ಬೆಡ್‌ರೂಮಿಗೆ ನಡೀತೈತಿ, ನೆನಿಯೋ ಗ್ವಾಡಿಗಲ್ಲ." ಅದಕ್ಕೇ ಹೇಳೋದು, ಸನ್‌ಮೈಕಾ ಅಂಟಿಸುವ ಮುಂಚೆ ಹಾಳೆ ನೋಡಬೇಕು, ಮುದ್ರೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ರೆಡಿ ಟೇಬಲ್ ತಂದರೆ ಬಾಗಿಲಲ್ಲೇ ವಾಪಸ್ ಕಳಿಸಿ.

ಲೈಟೂ ಅಷ್ಟೇ. ಅಗ್ಗದ ಎಲ್ಇಡಿ ಪಟ್ಟಿ. ರಾತ್ರಿ ಅದರ ಕೆಳಗೆ ಕಲಸಿದ ಬೂದು ಬಣ್ಣ ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದರೆ ಹಸಿರು ಹೊಡೆಯುತ್ತಿತ್ತು. ಬಣ್ಣದ ಕೆಲಸಕ್ಕೆ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಜಾಸ್ತಿ ಇರುವ ಬಲ್ಬ್ ಬೇಕು. ಡಬ್ಬಿಯ ಮೇಲೆ ಆ ಸಂಖ್ಯೆ ಕಾಣದಿದ್ದರೆ ತಗೋಬೇಡಿ.

ಇವೆಲ್ಲಾ ದುಡ್ಡಿಗೆ ಪೆಟ್ಟು, ಅಷ್ಟೇ. ಸ್ಪ್ರೇ ಬೂತ್ ಹಾಗಲ್ಲ.

ಆತ ಮಾಡಿದ್ದು ಇಷ್ಟು. 60 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ ಬಾಯಿ ಇರುವ ತಗಡಿನ ಡಬ್ಬ. ಹಿಂದೆ ಒಂದು ಸ್ಪಂಜ್ ಫಿಲ್ಟರ್. ಅದರ ಹಿಂದೆ ಬಾತ್‌ರೂಮಿಗೆ ಹಾಕುವ ಆರಿಂಚಿನ ಎಕ್ಸಾಸ್ಟ್ ಫ್ಯಾನು. ಅಲ್ಲಿಂದ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪು, ಎರಡು ಕಡೆ ಬಾಗಿಸಿ ಗೋಡೆಯ ತೂತಿನೊಳಗೆ. ನೋಡೋಕೆ ಭಾರೀ ಚೆಂದ. ಆದರೆ ಡಬ್ಬದ ಬಾಯಲ್ಲಿ ಊದಿನಕಡ್ಡಿ ಹಿಡಿದರೆ ಹೊಗೆ ಒಳಗೆ ಹೋಗದೆ ಮೇಲಕ್ಕೆದ್ದು ನನ್ನ ಮುಖಕ್ಕೇ ಬರುತ್ತಿತ್ತು. (ಈ ಪರೀಕ್ಷೆ ಮಾಡುವಾಗ ಥಿನ್ನರ್ ಬಾಟಲಿ ಕೋಣೆಯಲ್ಲೇ ಇರಬಾರದು, ನೆನಪಿರಲಿ.)

ಲೆಕ್ಕ ಕಷ್ಟವೇನಲ್ಲ. ಬೂತಿನ ಬಾಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ನಮ್ಮ ಡಬ್ಬದ ಬಾಯಿ 0.27 ಚದರ ಮೀಟರ್. ಅಂದರೆ ಗಂಟೆಗೆ 490 ಘನ ಮೀಟರಿನ ಹತ್ತಿರ ಗಾಳಿ ಎಳೆಯಬೇಕು. ಆತ ಹಾಕಿದ ಫ್ಯಾನಿನ ಚೀಟಿಯಲ್ಲಿ ಇದ್ದದ್ದು ಹೆಚ್ಚುಕಮ್ಮಿ ಅದರ ಅರ್ಧ. ಅದೂ ಮುಂದೆ ಹಿಂದೆ ಏನೂ ಅಡ್ಡ ಇಲ್ಲದಾಗ. ರೆಕ್ಕೆಯ ಫ್ಯಾನಿಗೆ ಫಿಲ್ಟರ್, ಸುಕ್ಕಿನ ಪೈಪು, ತಿರುವು ಎಲ್ಲಾ ಜೋಡಿಸಿದರೆ ಅದು ಸುಮ್ನೆ ಸದ್ದು ಮಾಡುತ್ತಾ ತಿರುಗುತ್ತದೆ, ಗಾಳಿ ತಳ್ಳುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಬ್ಲೋವರ್, ಅಂದರೆ ಅಡ್ಡ ಇದ್ದರೂ ಗಾಳಿಯನ್ನು ಒತ್ತಿ ತಳ್ಳುವ ಯಂತ್ರ. ಅದರ ಮೋಟರ್ ಗಾಳಿಯ ದಾರಿಯಿಂದ ಹೊರಗಿರಬೇಕು.

ಮೋಟರ್ ಹೊರಗೆ ಯಾಕೆ ಅಂದರೆ, ಲ್ಯಾಕರ್ ಥಿನ್ನರಿನಲ್ಲಿ ಟಾಲ್ವೀನ್, ಅಸಿಟೋನ್ ಥರದ್ದು ಇರುತ್ತವೆ. ಟಾಲ್ವೀನ್ ಸುಮಾರು 4 ಡಿಗ್ರಿಯಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಬೆಳಗಾವಿಯ ಡಿಸೆಂಬರ್ ಬೆಳಗಿನ ಜಾವದ ಚಳಿಯೂ ಅದಕ್ಕೆ ಬಿಸಿಯೇ. ಇಷ್ಟೆಲ್ಲಾ ಇರುವಾಗ ಆ ಮಹಾಶಯ ಫ್ಯಾನಿನ ಸ್ವಿಚ್ಚನ್ನೂ ಡಬ್ಬದ ಒಳಗಿನ ಗೋಡೆಗೇ ಕೂರಿಸಿದ್ದ. ಸ್ವಿಚ್ ಒತ್ತಿದಾಗ ಒಳಗೆ ಸಣ್ಣ ಕಿಡಿ ಹಾರುವುದು ಮಾಮೂಲು, ಅಲ್ವಾ? ಅದು ಹಾರುವ ಜಾಗವೂ ಪೇಂಟ್ ಹೊಡೆಯುವ ಜಾಗವೂ ಒಂದೇ.

ಇದಕ್ಕಿಂತ ದೊಡ್ಡದು ಗೊತ್ತಾದದ್ದು ಮೇಲಿನ ಮನೆಯವರಿಂದ. ಒಂದು ಸಂಜೆ ಬಾಗಿಲು ಬಡಿದರು. "ವೈನಿ, ನಿಮ್ ಮನ್ಯಾಗ ಪೇಂಟಿಂಗ್ ನಡದೈತೇನ್ರಿ? ನಮ್ ಬಾತ್‌ರೂಮಿನ್ಯಾಗ ವಾಸನಿ ಭಾಳ ಬರಾಕತ್ತೈತಿ." ಹೊಗೆ ಹೊರಗೆ ಹೋಗುತ್ತದೆ ಅಂತ ಆತ ಹೇಳಿದ್ದ. ಪೈಪು ಬಿಟ್ಟಿದ್ದು ಬೀದಿಯ ಕಡೆಗಲ್ಲ, ಬಾತ್‌ರೂಮ್ ಪೈಪುಗಳು ಇಳಿಯುವ ಡಕ್ಟಿನೊಳಗೆ! ಬೀದಿ ಕಡೆಯ ಗೋಡೆಗೆ ಇನ್ನೊಂದು ನಾಲ್ಕಡಿ ಪೈಪು ಬೇಕಿತ್ತು. ಅದನ್ನು ಉಳಿಸಿದ್ದ.

ಎಲೆಕ್ಟ್ರಿಷಿಯನ್ ಬಂದು ಟಾರ್ಚ್ ಬಿಟ್ಟು ನೋಡಿದರು. ನಮ್ಮ ಪೈಪಿನ ಬಾಯಿಗಿಂತ ಸ್ವಲ್ಪ ಕೆಳಗೆ, ಅದೇ ಡಕ್ಟಿಗೆ, ಕೆಳಗಿನ ಮನೆಯ ಬಾತ್‌ರೂಮ್ ಕಿಟಕಿ ತೆರೆದುಕೊಂಡಿದೆ. ಆ ಕಿಟಕಿಯ ಪಕ್ಕದಲ್ಲೇ ಗ್ಯಾಸ್ ಗೀಸರ್. ನಲ್ಲಿ ತಿರುಗಿಸಿದರೆ ಭಗ್ ಅಂತ ಉರಿ ಹೊತ್ತುತ್ತದೆ. ಥಿನ್ನರಿನ ಆವಿ ಗಾಳಿಗಿಂತ ಭಾರ, ಮೇಲೆ ಹೋಗುವುದಕ್ಕಿಂತ ಕೆಳಗೆ ಇಳಿದು ಕೂರುವುದೇ ಜಾಸ್ತಿ. ಮೇಲಿನವರಿಗೆ ವಾಸನೆ ಬಂದಿತ್ತು ಅಂದರೆ ಕೆಳಗಿನವರ ಕಿಟಕಿಯ ಗತಿ ಏನು?

ಸುಮ್ನೆ ಹೆದರಿಸುವುದು ಬೇಡ. ಏರ್‌ಬ್ರಷ್ಷಿನಿಂದ ಒಂದು ಸಲಕ್ಕೆ ಹೋಗುವುದು ಕೆಲವೇ ಮಿಲಿಲೀಟರ್, ಅದರಿಂದ ಡಕ್ಟ್ ತುಂಬಿಹೋಗುವುದಿಲ್ಲ. ಆದರೆ ಪ್ರೈಮರ್, ಅಂದರೆ ಎಲ್ಲಕ್ಕಿಂತ ಮೊದಲು ಹೊಡೆಯುವ ಕೋಟಿಗೆ ನಾವೆಲ್ಲ ಸ್ಪ್ರೇ ಕ್ಯಾನ್ ಬಳಸುತ್ತೇವೆ. ಅದರಲ್ಲಿ ಬಣ್ಣವನ್ನು ಹೊರಗೆ ತಳ್ಳುವ ಗ್ಯಾಸೂ ಸಾಮಾನ್ಯವಾಗಿ ಉರಿಯುವಂಥದ್ದೇ. ಮುಚ್ಚಿದ ಡಕ್ಟು, ಪಕ್ಕದಲ್ಲೇ ಉರಿ, ಗೊತ್ತಿಲ್ಲದೆ ಸ್ನಾನಕ್ಕೆ ಹೋಗುವ ಮಕ್ಕಳು. ಆ ದಿನವೇ ಪೈಪು ಕಿತ್ತು ತೂತು ಮುಚ್ಚಿಸಿದೆ.

ಆತನಿಗೆ ಫೋನ್ ಮಾಡಿದರೆ, "ವಾಸನಿ ಹೊಸದಕ್ಕ ಬರ್ತೈತ್ರಿ, ಆಮ್ಯಾಲೆ ಹೋಗ್ತೈತಿ" ಅಂದ. ಗೀಸರ್ ವಿಷಯ ಎತ್ತಿದೆ. "ಅದು ಅವರ ಮನಿ ಗೀಸರ್ ಅಲ್ಲೇನ್ರಿ ಮೇಡಂ?" ಈ ಮಾತಿಗೆ ಏನು ಹೇಳೋದು ಹೇಳಿ.

ಕಂಪ್ರೆಸರ್ ಕತೆಯನ್ನೂ ಕೇಳಿಬಿಡಿ. "ಸೈಲೆಂಟ್ ಮಾಡೆಲ್" ಅಂತ ಕೊಟ್ಟಿದ್ದು ಹಳೇ ಫ್ರಿಜ್ಜಿನ ಕಂಪ್ರೆಸರ್. ಸದ್ದಿಲ್ಲ, ಅದು ನಿಜ. ಆದರೆ ಅದು ಎಣ್ಣೆ ಹಾಕಿ ಓಡುವ ಯಂತ್ರ, ಗಾಳಿಯ ಜೊತೆ ಎಣ್ಣೆಯನ್ನೂ ಕಕ್ಕುತ್ತದೆ. ಮಳೆಗಾಲದಲ್ಲಿ ನಮ್ಮೂರ ಗಾಳಿ ಹಿಂಡಿದರೆ ನೀರು ಬರುತ್ತದೆ. ಅಂಥ ಗಾಳಿಯನ್ನು ಒತ್ತಿ ತುಂಬಿದಾಗ ನೀರು ಬೇರೆಯಾಗಿ ಟ್ಯಾಂಕಿನಲ್ಲೂ ಪೈಪಿನಲ್ಲೂ ನಿಲ್ಲುತ್ತದೆ. ಅದನ್ನು ಹಿಡಿಯೋಕೆ ಮಾಯಿಶ್ಚರ್ ಟ್ರ್ಯಾಪ್ ಬೇಕು. ಕೊಟ್ಟಿರಲಿಲ್ಲ. 1:48 ಅಳತೆಯ ಮಿಗ್-21 ಯುದ್ಧವಿಮಾನ ಕಟ್ಟುತ್ತಿದ್ದೆ, ಹತ್ತಿರ ಹತ್ತಿರ ಒಂದಡಿ ಉದ್ದ. 2025ರ ಸೆಪ್ಟೆಂಬರಿನಲ್ಲಿ ವಾಯುಪಡೆ ಅದನ್ನು ಬೀಳ್ಕೊಟ್ಟ ಮೇಲೆ ಕಟ್ಟಲೇಬೇಕು ಅನ್ನಿಸಿತ್ತು. ಕೊನೆಯ ಕ್ಲಿಯರ್ ಕೋಟ್ ಹೊಡೆಯುವಾಗ ರೆಕ್ಕೆಯ ಮೇಲೆ ಪಚಕ್ ಅಂತ ನೀರಿನ ಹನಿ ಬಿತ್ತು. ಬಾಲದ ಹತ್ತಿರ ಬಣ್ಣ ಕೂರದೆ ಸಣ್ಣ ಸಣ್ಣ ಗುಂಡಿ ಬಿಟ್ಟಿತು, ಅದು ಎಣ್ಣೆಯ ಕೆಲಸ. (ತೇವ ತುಂಬಿದ ಹವೆಯಲ್ಲಿ ಲ್ಯಾಕರ್ ಇಡೀ ಮೈಮೇಲೆ ಬಿಳಿ ಮಂಜಿನಂತೆ ಮಂಕಾಗುವುದು ಬೇರೆ ತೊಂದರೆ. ಅದಕ್ಕೆ ಕಂಪ್ರೆಸರನ್ನು ಬೈಯಬೇಡಿ, ಒಣ ದಿನ ನೋಡಿ ಹೊಡೆಯಿರಿ.)

ಮಾಡೆಲ್ ಹಾಳಾದರೆ ಇನ್ನೊಂದು ಕಟ್ಟಬಹುದು. ಟ್ಯಾಂಕ್ ನೋಡಿ ಮಾತ್ರ ಎದೆ ಧಸಕ್ಕೆಂದಿತು. ಕೆಳಗಿನ ಕಾಲಿನ ಹತ್ತಿರ ಕಪ್ಪು ಬಣ್ಣ ಎದ್ದಿತ್ತು, ಒಳಗಿಂದ ಕೆಂಪು ಇಣುಕುತ್ತಿತ್ತು. ಇನ್ನಷ್ಟು ಕೆರೆದೆ. ಹಳೇ ಬೆಂಕಿ ಆರಿಸುವ ಸಿಲಿಂಡರ್! ಅದಕ್ಕೆ ಕಪ್ಪು ಬಳಿದು, ಮೇಲೆ ಮೀಟರ್ ಕೂರಿಸಿ ಮಾರಿದ್ದ. ಸೇಫ್ಟಿ ವಾಲ್ವ್ ಇಲ್ಲ. ನೀರು ಬಿಡೋಕೆ ಕೆಳಗೆ ನಲ್ಲಿಯೂ ಇಲ್ಲ. ನಿಂತ ನೀರು ಟ್ಯಾಂಕನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ, ಹೊರಗೆ ಕಾಣುವುದಿಲ್ಲ. ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಕೆಲಸ ಮಾಡುವ ಪರಿಚಯದವರಿಗೆ ತೋರಿಸಿದೆ. ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದರು. "ಇದಕ್ಕ ಇನ್ನ ಮ್ಯಾಲೆ ಗಾಳಿ ತುಂಬಬ್ಯಾಡ್ರಿ. ಮನಿಯೊಳಗಂತೂ ಬ್ಯಾಡೇ ಬ್ಯಾಡ" ಅಂದರು. ಏರ್‌ಬ್ರಷ್ಷಿಗೆ ಬೇಕಾಗುವ ಒತ್ತಡ 15ರಿಂದ 25 ಪಿಎಸ್‌ಐ, ಅಷ್ಟೇ. ಆದರೆ ಒತ್ತಡ ಸಾಕಾದಾಗ ತಾನಾಗೇ ನಿಲ್ಲಿಸುವ ಆಟೋ ಕಟ್ ಕೈಕೊಟ್ಟರೆ ಫ್ರಿಜ್ಜಿನ ಕಂಪ್ರೆಸರ್ ಅಲ್ಲಿಗೇ ನಿಲ್ಲುವುದಿಲ್ಲ, ತುಂಬುತ್ತಲೇ ಇರುತ್ತದೆ. ಆಯಿಲ್-ಫ್ರೀ ಹಾಬಿ ಕಂಪ್ರೆಸರ್, ಸಣ್ಣ ಟ್ಯಾಂಕು, ಸೇಫ್ಟಿ ವಾಲ್ವು, ಟ್ರ್ಯಾಪು ಸೇರಿಸಿ ಹೊಸದೇ ಸಿಗುತ್ತದೆ. ಅದನ್ನು ನೀವೇ ತಗೊಳ್ಳಿ, ಪ್ಯಾಕೇಜಿನಲ್ಲಿ ಸೇರಿಸೋಕೆ ಬಿಡಬೇಡಿ.

"ಫ್ರೀ ಗಿಫ್ಟ್" ಅಂತ ಒಂದು ಎನ್-95 ಮಾಸ್ಕ್ ಕೊಟ್ಟಿದ್ದ. ಅದು ಧೂಳಿಗೆ. ಥಿನ್ನರಿನ ಆವಿ ಅದರೊಳಗೆ ಆರಾಮಾಗಿ ನುಗ್ಗುತ್ತದೆ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕೇ ಬೇಕು. ಕೆಲಸ ಮುಗಿದ ಮೇಲೆ ಕಾರ್ಟ್ರಿಜ್ ಜಿಪ್ ಕವರಿನಲ್ಲಿ ಮುಚ್ಚಿಡಿ. ಸುಮ್ನೆ ನೇತುಹಾಕಿದರೂ ಅದು ಗಾಳಿ ಕುಡಿದು ಮುಗಿದುಹೋಗುತ್ತದೆ.

ಈಗ ಬೂತನ್ನು ಬೀದಿ ಕಡೆಯ ಕಿಟಕಿಗೆ ಸರಿಸಿದ್ದೇನೆ. ಬ್ಲೋವರ್, ನುಣುಪಾದ ಗಿಡ್ಡ ಪೈಪು, ಒಂದೂ ತಿರುವಿಲ್ಲ. ಹೆಚ್ಚಿನ ಕೆಲಸ ನೀರಿನ ಅಕ್ರಿಲಿಕ್ಕಿನಲ್ಲೇ ಆಗುತ್ತದೆ. ಮಳೆಗಾಲದಲ್ಲಿ ಒಣಗೋಕೆ ತಡ, ಆದರೆ ಮೇಲಿನವರೂ ಕೆಳಗಿನವರೂ ನೆಮ್ಮದಿಯಾಗಿದ್ದಾರೆ.

ದುಡ್ಡು ವಾಪಸ್ ಬಂದಿಲ್ಲ. ಆತ ಬಿಲ್ಲನ್ನೇ ಕೊಟ್ಟಿರಲಿಲ್ಲ, ಕೇಳಿದಾಗೆಲ್ಲಾ "ಕೊಡ್ತೀನ್ರಿ". ನನ್ನ ಹತ್ತಿರ ಯುಪಿಐ ದಾಖಲೆ, ವಾಟ್ಸಾಪ್ ಮಾತು, ಟ್ಯಾಂಕಿನ ಫೋಟೋ ಎಲ್ಲಾ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸಿಲ್ಲ, ಎರಡು ವರ್ಷದೊಳಗೆ ದೂರು ಹಾಕಬೇಕು.

ಆತ ಹೊಸ ಗಿರಾಕಿಗಳಿಗೆ ಈಗ ನಮ್ಮ ಕೋಣೆಯ ಫೋಟೋವನ್ನೇ ಸ್ಯಾಂಪಲ್ ಅಂತ ಕಳಿಸುತ್ತಿದ್ದಾನೆ. ಬಾಗಲಕೋಟೆಯ ಗೆಳತಿಯೊಬ್ಬಳಿಗೆ ಬಂದಿತ್ತು. ಹಸಿರು ಕಟಿಂಗ್ ಮ್ಯಾಟು, ಗೋಡೆಗೆ ಹಳದಿ ಗಡಿಯಾರ, ಟೇಬಲ್ ಮೇಲೆ ಮೂತಿ ಅಂಟಿಸದ ಮಿಗ್-21. ಅದು ನಿಮಗೂ ಬಂದರೆ ಒಂದು ಸ್ಕ್ರೀನ್‌ಶಾಟ್ ಕಳಿಸಿ, ನಂಬರ್ ಕಾಣುವ ಹಾಗೆ. ದೂರಿನ ಜೊತೆ ಸೇರಿಸುತ್ತೇನೆ.