ಬಾರ್ಡರ್ ಕೋಲಿಯೋ, ಕಾರ್ಗಿಯೋ?

ಎರಡೂ ಮಂದೆ ಕಾಯುವ ಜಾತಿಯ ನಾಯಿಗಳೇ. ಆದರೆ ಕಾಯುವ ರೀತಿ ಬೇರೆ, ಮನೆಯಲ್ಲಿ ಕೊಡುವ ಕಾಟವೂ ಬೇರೆ.

ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಬಾರ್ಡರ್ ಕೋಲಿ ಕಣ್ಣಲ್ಲೇ ಕುರಿಗಳನ್ನು ಹೆದರಿಸಿ ನಿಲ್ಲಿಸುತ್ತದೆ. ತಲೆ ತಗ್ಗಿಸಿ, ಮೈ ಕುಗ್ಗಿಸಿ, ಎತ್ತಿದ ಕಾಲು ಎತ್ತಿದಂತೆಯೇ ಹಿಡಿದು ದಿಟ್ಟಿಸುತ್ತದೆ. ಮನೆಯಲ್ಲಿ ಕುರಿ ಇಲ್ವಲ್ಲ, ಆ ನೋಟ ಬೆಕ್ಕಿನ ಮೇಲೆ, ಚೆಂಡಿನ ಮೇಲೆ, ಗೇಟಿನಾಚೆಯ ಬೈಕಿನ ಮೇಲೆ ಬೀಳುತ್ತದೆ. ಬೈಕ್ ಅಟ್ಟಿಸಿಕೊಂಡು ಹೋದರೆ ಅಪಾಯ, ಬೀದಿಯಲ್ಲಿ ಬೆಲ್ಟ್ ಬಿಡಬೇಡಿ. ಆಡುವ ಮಕ್ಕಳನ್ನು ಸುತ್ತು ಹಾಕಿ ಒಂದು ಮೂಲೆಗೆ ಸೇರಿಸುವುದೂ ಉಂಟು! ಸುಮ್ನೆ ವಾಕಿಂಗ್ ಸಾಲದು, ತಲೆಗೂ ಕೆಲಸ ಬೇಕು. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತಿತ್ತು.

ವೇಲ್ಸ್‌ನ ಕಾರ್ಗಿ ದನದ ಹಿಂಗಾಲಿಗೆ ಬಾಯಿ ಹಾಕಿ ಅಟ್ಟುವ ನಾಯಿ. ಗಿಡ್ಡ ಆಗಿದ್ದರಿಂದ ಒದೆ ತಪ್ಪಿಸಿಕೊಳ್ಳುವುದು ಸುಲಭ. ಮನೆಯಲ್ಲಿ ಆ ಹಿಂಗಾಲು ನಿಮ್ಮ ಹಿಮ್ಮಡಿ! ಬಾಯಿ ಹಾಕಿದ ಕೂಡಲೇ ಆಟ ನಿಲ್ಲಿಸಿ, ಓಡಬೇಡಿ. ಬೊಗಳುವುದೂ ಜಾಸ್ತಿ.

ದಿನವಿಡೀ ಆಫೀಸಿನಲ್ಲಿರುವವರಿಗೆ ಕೋಲಿ ಬೇಡವೇ ಬೇಡ. ಫ್ಲಾಟ್‌ಗೆ ಕಾರ್ಗಿ ಪರವಾಗಿಲ್ಲ, ಉದ್ದ ಬೆನ್ನಿಗೆ ಮೆಟ್ಟಿಲು ಮಾತ್ರ ಕಡಿಮೆ ಇರಲಿ. ಎರಡಕ್ಕೂ ಕೂದಲು ದಟ್ಟ, ಕಲಬುರಗಿಯಂಥ ಬಿಸಿಲೂರಾದರೆ ಎರಡನ್ನೂ ಬಿಡಿ.